ಆ ಒಂದನ್ನು ಬಿಡಿಸಿ ಬರೆಯಿರಿ

ಹತ್ತನೇ ತರಗತಿ ಅಂದರೆ ನನಗೆ ಮೊದಲು ನೆನಪಾಗುವುದು ಗಣಿತದ ಮೇಷ್ಟ್ರು ಕೊಡುತ್ತಿದ್ದ ಮನೆಗೆಲಸ. ತ್ರಿಕೋನಮಿತಿ ಶುರುವಾದ ಮೇಲಂತೂ 'ಸಾಧಿಸಿ' ಎನ್ನುವ ಲೆಕ್ಕಗಳೇ ಜಾಸ್ತಿ. ಉತ್ತರ ಪ್ರಶ್ನೆಯಲ್ಲೇ ಇರುತ್ತದೆ, ದಾರಿ ಮಾತ್ರ ಇರುವುದಿಲ್ಲ. ಹಿಂದಿನ ಬೆಂಚಿನವರು ಇದರಿಂದ ಖುಷಿಯಾಗಿದ್ದರು. ಮೇಲೆ ಎಡಭಾಗ, ಕೆಳಗೆ ಬಲಭಾಗ, ನಡುವೆ ಏನೋ ಗೀಚಿದರೆ ಆಯ್ತು, ಅಲ್ವಾ? ಮೇಷ್ಟ್ರ ಕೆಂಪು ಪೆನ್ನು ಸೀದಾ ಆ ನಡುವಿನ ಸಾಲಿಗೇ ಸುತ್ತು ಹಾಕುತ್ತಿತ್ತು.

ಸೂತ್ರಗಳನ್ನು ಅವರು ಬಾಯಿಪಾಠ ಮಾಡಿಸಲಿಲ್ಲ. ಲಂಬಕೋನ ತ್ರಿಭುಜ ಬರೆದು, ಪೈಥಾಗೊರಸ್ ಪ್ರಮೇಯವನ್ನು ವಿಕರ್ಣದ, ಅಂದರೆ ಅತಿ ಉದ್ದದ ಬಾಹುವಿನ, ವರ್ಗದಿಂದ ಭಾಗಿಸಿದರು. ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಕ್ಕದ ಬಾಹುವನ್ನು ಭಾಗಿಸಿದರೆ ಕಾಸ್; ಹಾಗಾಗಿ ಸೈನ್² + ಕಾಸ್² = 1 ಬಂತು. ಅದನ್ನೇ ಕಾಸ್²ನಿಂದ ಭಾಗಿಸಿದಾಗ 1 + ಟ್ಯಾನ್² = ಸೆಕ್² (ಟ್ಯಾನ್ ಅಂದರೆ ಸೈನ್/ಕಾಸ್, ಸೆಕ್ ಅಂದರೆ 1/ಕಾಸ್). ಸೈನ್²ನಿಂದ ಭಾಗಿಸಿದಾಗ ಮೂರನೆಯದು, 1 + ಕಾಟ್² = ಕೊಸೆಕ್² (ಕಾಟ್ ಅಂದರೆ ಕಾಸ್/ಸೈನ್, ಕೊಸೆಕ್ ಅಂದರೆ 1/ಸೈನ್). "ಮೂರು ಸೂತ್ರ ಅಲ್ಲ ಕಣ್ರೋ, ಇರೋದು ಒಂದೇ, ಅಂಗಿ ಬದಲಾಯಿಸಿದೆ ಅಷ್ಟೇ" ಅಂದರು.

ಕಟ್ಟುನಿಟ್ಟು ಒಂದಿತ್ತು. ತೊಡಕಾಗಿರುವ ಬದಿಯಿಂದಲೇ ಹೊರಡಬೇಕು, ಅಡ್ಡ ಗುಣಾಕಾರ ಮಾಡುವಂತಿಲ್ಲ. ಸಾಧಿಸಬೇಕಾದ್ದನ್ನೇ ನಿಜ ಅಂತ ಹಿಡಿದುಕೊಂಡು ಹೊರಟರೆ ಸಾಧಿಸಿದ್ದೇನು? ಏನೂ ತೋಚದಿದ್ದರೆ ಎಲ್ಲವನ್ನೂ ಸೈನ್, ಕಾಸ್‌ಗೆ ತಿರುಗಿಸಬಹುದು. ಈ ದಾರಿ ಸಾಮಾನ್ಯವಾಗಿ ಕೈಕೊಡುವುದಿಲ್ಲ, ಆದರೆ ಪುಟಗಟ್ಟಲೆ ಬರೆಸುತ್ತದೆ.

ನನಗೆ ಮರೆಯದೇ ಉಳಿದ ಲೆಕ್ಕ ಇದು. ಅಂಶದಲ್ಲಿ ಟ್ಯಾನ್ + ಸೆಕ್ − 1, ಛೇದದಲ್ಲಿ ಟ್ಯಾನ್ − ಸೆಕ್ + 1. ಇದು (1 + ಸೈನ್)/ಕಾಸ್‌ಗೆ ಸಮ ಎಂದು ತೋರಿಸಬೇಕು. ಇಡೀ ತರಗತಿ ಸೈನ್, ಕಾಸ್ ಹಾಕಿಕೊಂಡು ಒದ್ದಾಡುತ್ತಿತ್ತು. ಮೇಷ್ಟ್ರು ಬೋರ್ಡಿನ ಹತ್ತಿರ ಹೋಗಿ ಅಂಶದಲ್ಲಿದ್ದ 1ಕ್ಕೆ ಬೆರಳಿಟ್ಟರು. "ಆ ಒಂದನ್ನು ಬಿಡಿಸಿ ಬರೆಯಿರಿ." ಅಂದರೆ 1ರ ಬದಲು ಸೆಕ್² − ಟ್ಯಾನ್². ಅದು (ಸೆಕ್ + ಟ್ಯಾನ್)(ಸೆಕ್ − ಟ್ಯಾನ್) ಆಯಿತು. ಅಂಶದಿಂದ ಸೆಕ್ + ಟ್ಯಾನ್ ಹೊರಗೆ ತೆಗೆದರೆ ಒಳಗೆ ಉಳಿದದ್ದು 1 − ಸೆಕ್ + ಟ್ಯಾನ್. ಛೇದವೂ ಅದೇ! ಎರಡೂ ಹೊಡೆದುಹೋದವು. ಉಳಿದ ಸೆಕ್ + ಟ್ಯಾನ್ ತಾನೇ (1 + ಸೈನ್)/ಕಾಸ್. ಸುಮ್ನೆ ಕೂತಿದ್ದ ಆ 1ರೊಳಗೆ ಇಷ್ಟೆಲ್ಲ ಇತ್ತೇ ಅಂತ ನಾವು ಮುಖ ಮುಖ ನೋಡಿಕೊಂಡೆವು. ಲೆಕ್ಕಕ್ಕೆ ಚಂದ ಅನ್ನುವುದು ಇದೆ ಅಂತ ನನಗೆ ಅನಿಸಿದ್ದು ಅವತ್ತೇ.

ಇದೇ ಎಳೆ ಹಿಡಿದು ಇನ್ನೊಂದು ಮನೆಗೆಲಸ ಬಂತು. ಸೆಕ್ + ಟ್ಯಾನ್ = 5 ಆದರೆ ಸೈನ್ ಎಷ್ಟು? ಸೆಕ್ + ಟ್ಯಾನ್, ಸೆಕ್ − ಟ್ಯಾನ್ ಇವೆರಡರ ಗುಣಲಬ್ಧ 1 ಆದ್ದರಿಂದ ಸೆಕ್ − ಟ್ಯಾನ್ = 1/5. ಕೂಡಿದರೆ ಸೆಕ್ 13/5, ಕಳೆದರೆ ಟ್ಯಾನ್ 12/5, ಸೈನ್ 12/13. ನಮ್ಮ ಹಳೆಯ ಪರಿಚಯದ 5, 12, 13 ತ್ರಿಭುಜವೇ!

ಕೋನಕ್ಕೆ ಒಂದು ಬೆಲೆ ಹಾಕಿ ತಾಳೆ ನೋಡುವುದನ್ನೂ ಅವರು ಕಲಿಸಿದರು, ಆದರೆ ಅದು ಸಾಧನೆ ಅಲ್ಲ ಎಂದು ಎಚ್ಚರಿಸುತ್ತಿದ್ದರು. 45 ಡಿಗ್ರಿಯಲ್ಲಿ ಸೈನ್, ಕಾಸ್ ಸಮ ಅಂತ ಎಲ್ಲ ಕೋನಕ್ಕೂ ಸಮ ಅನ್ನಲಾದೀತೇ?

ಈಗ ಹತ್ತನೇ ತರಗತಿಯಲ್ಲಿರುವವರಿಗೆ ನನ್ನದೊಂದು ಲೆಕ್ಕ: ಟ್ಯಾನ್/(1 − ಕಾಟ್) + ಕಾಟ್/(1 − ಟ್ಯಾನ್) = 1 + ಸೆಕ್ × ಕೊಸೆಕ್ ಎಂದು ಸಾಧಿಸಿ. ಘನಗಳ ವ್ಯತ್ಯಾಸದ ಸೂತ್ರ ಬೇಕಾಗುತ್ತದೆ. ತಾಳೆ ನೋಡಲು 60 ಡಿಗ್ರಿ ಹಾಕಿ. 45 ಹಾಕಿದರೆ ಛೇದ ಸೊನ್ನೆ ಆಗುತ್ತದೆ.