ಕೋಟೆಯಿಲ್ಲದ ಊರಿನಲ್ಲಿ ಕದನ ತೋರಿಸುವ ಕೆಲಸ

ಮಂಗಳೂರಿನಲ್ಲಿ ಪ್ರವಾಸಿ ಮಾರ್ಗದರ್ಶಿಯಾಗಿ ನಾನು ಮಾಡುವ ಕೆಲಸಗಳಲ್ಲಿ ಕಷ್ಟದ್ದು ಹಳೆಯ ಯುದ್ಧಗಳ ಜಾಗಗಳಿಗೆ ಬಸ್ಸಿನಲ್ಲಿ ಜನರನ್ನು ಕರೆದೊಯ್ಯುವುದು. ದೇವಸ್ಥಾನ, ಕಡಲತೀರಗಳಿಗೆ ಮಾರ್ಗದರ್ಶಿಯ ಮಾತು ಅಷ್ಟೇನೂ ಬೇಡ. ಕದನದ ಜಾಗಗಳು ಹಾಗಲ್ಲ. ಚಿತ್ರದುರ್ಗವನ್ನೋ ಶ್ರೀರಂಗಪಟ್ಟಣವನ್ನೋ ನೋಡಿ ಬಂದವರು ಇಲ್ಲಿಯೂ ಬುರುಜು, ಕಂದಕ ಹುಡುಕುತ್ತಾರೆ. 1783ರ ಮೇ ತಿಂಗಳಿನಿಂದ 1784ರ ಜನವರಿಯವರೆಗೆ ಟಿಪ್ಪುವಿನ ಸೇನೆ ಮುತ್ತಿಗೆ ಹಾಕಿದ್ದ ಮಂಗಳೂರು ಕೋಟೆಯ ಗೋಡೆಯನ್ನು ಇಂದು ಯಾರಿಗೂ ತೋರಿಸುವಂತಿಲ್ಲ. ಅಲ್ಲಿ ಈಗ ಪೇಟೆಯ ಗಲಾಟೆ. ಕತ್ತಿವರಸೆಯ ವರ್ಣನೆಯಿಂದ ಆ ಕೊರತೆ ತುಂಬಿಸಲು ಹೊರಟರೆ ಹತ್ತು ನಿಮಿಷದಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿರುತ್ತದೆ. ಜನ ಕಿವಿಗೊಡುವುದು ಅಕ್ಕಿ, ತೆರಿಗೆ, ನೀರಿನ ವಿಷಯಕ್ಕೆ. ಇದು ನನಗೆ ಪ್ರಯಾಣಿಕರೇ ಕಲಿಸಿದ್ದು.

ನಮ್ಮ ಕಚೇರಿಯವರ ಹಳೆಯ ಪಟ್ಟಿ ಇಸವಿಯ ಕ್ರಮದಲ್ಲಿತ್ತು: ಮೊದಲು ಅಬ್ಬಕ್ಕನ ಉಳ್ಳಾಲ, ಕೊನೆಗೆ 1837ರ ಬಾವುಟಗುಡ್ಡ. ಕಾಗದದ ಮೇಲೆ ಚೆಂದವೇ. ಆದರೆ ಬಸ್ಸು ಶತಮಾನಗಳ ಮಾತು ಕೇಳುವುದಿಲ್ಲ, ರಸ್ತೆಯ ಮಾತು ಕೇಳುತ್ತದೆ. ನಾನು ಬಾವುಟಗುಡ್ಡದಿಂದಲೇ ಆರಂಭಿಸುತ್ತೇನೆ. ಬೆಳಗ್ಗೆ ಸೆಕೆ ಏರುವ ಮೊದಲು ಗುಡ್ಡದ ಮೇಲೆ ನಿಂತು, ಕಟ್ಟಡಗಳ ಸಂದಿಯಲ್ಲಿ ಕಡಲು ಯಾವ ಕಡೆ, ನದಿಗಳು ಯಾವ ಕಡೆ ಎಂದು ಒಮ್ಮೆ ಮನದಟ್ಟಾದರೆ ಉಳಿದ ದಿನವೆಲ್ಲ ಸಲೀಸು.

ಅಲ್ಲಿ ಹೇಳುವುದು ಅಮರಸುಳ್ಯದ ರೈತರ ಬಂಡಾಯವನ್ನು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಅಮರಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿಯೇ ಕಟ್ಟಬೇಕಾಯಿತು. ಭತ್ತ ಬೆಳೆಯುವವನು ನಾಣ್ಯ ಎಲ್ಲಿಂದ ತರಬೇಕು? ಬಂಡಾಯದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರು, ಕೊಡಗಿನ ಅರಸು ಮನೆತನದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೂಡಿದ ದಂಡು, ಬೆಳ್ಳಾರೆಯ ಖಜಾನೆ ವಶ, 1837ರ ಏಪ್ರಿಲ್ 5ರಂದು ಈ ಗುಡ್ಡದ ಮೇಲೆ ಹಾರಿದ ಬಾವುಟ, ಬಂಡಾಯಗಾರರ 13 ದಿನಗಳ ಆಡಳಿತ, ಇವೆಲ್ಲ ಆ ಒಂದು ಪ್ರಶ್ನೆಯ ಹಿಂದೆ ತಾವಾಗಿಯೇ ಬರುತ್ತವೆ. "ಅಡಿಕೆಗೆ ದರ ಬಿದ್ದ ವರ್ಷವೇ ಬ್ಯಾಂಕಿನವರು ಮನೆಬಾಗಿಲಿಗೆ ಬಂದ ಹಾಗಾಯಿತಲ್ಲ ಮಾರಾಯರೇ" ಎಂದು ಪುತ್ತೂರಿನ ಒಬ್ಬ ಅಮ್ಮ ಹೇಳಿದರು. ನನ್ನ ಅರ್ಧ ಗಂಟೆಯ ಭಾಷಣದ ಕೆಲಸವನ್ನು ಆ ಒಂದು ಮಾತು ಮಾಡಿಬಿಟ್ಟಿತು.

ಬೋಳೂರಿನ ಸುಲ್ತಾನ್ ಬತ್ತೇರಿಗೆ ದೊಡ್ಡ ಬಸ್ಸನ್ನು ಕೊನೆಯವರೆಗೆ ನುಗ್ಗಿಸುವ ಹಟ ಬೇಡ. ಸ್ವಲ್ಪ ನಡೆಯಲಿ, ಕಾಲು ಸಡಿಲವಾಗುತ್ತದೆ. ಯುದ್ಧನೌಕೆಗಳು ಗುರುಪುರ ಹೊಳೆಯೊಳಗೆ ಬಾರದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲುಗೋಪುರ ಅದು. ಕೆಳಗೆ ಸಿಡಿಮದ್ದು ಇಡುವ ಕೋಣೆ, ಸುತ್ತ ತೋಪಿನ ಕಿಂಡಿಗಳು. "ಇಷ್ಟೇನಾ?" ಎಂಬ ಉದ್ಗಾರ ಪ್ರತಿ ಸಲವೂ ಬರುತ್ತದೆ. ಆಗ ಹಾಗೆ ಕೇಳಿದವರನ್ನೇ ಒಂದು ಕಿಂಡಿಯ ಎದುರು ನಿಲ್ಲಿಸುತ್ತೇನೆ. ತಣ್ಣೀರುಬಾವಿಗೆ ಹೋಗುವ ದೋಣಿ ಕಿಂಡಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗುವಷ್ಟೇ ಹೊತ್ತು ತೋಪಿನವನ ಕೈಯಲ್ಲಿರುವುದು. ಯಾವಾಗ ಕಿಡಿ ಇಡುತ್ತೀರಿ, ಹೇಳಿ ಸರ್. ನಗುತ್ತ ನಿಂತವರು ಎರಡನೆಯ ದೋಣಿಗೆ ಗಂಭೀರರಾಗುತ್ತಾರೆ.

ಮಲ್ಪೆಯ ಹಿರಿಯ ಬೋಟು ಮಾಲೀಕರೊಬ್ಬರು ಇಲ್ಲೇ ನನ್ನನ್ನು ತಡೆದು, "ತೋಪು ಇರಲಿ, ಅಳಿವೆಬಾಗಿಲು ದಾಟುವಾಗ ಭರತವೋ ಇಳಿತವೋ ಅದನ್ನು ಹೇಳಿ" ಎಂದರು. ಆಳ ಕಡಿಮೆಯಾದಾಗ ದೊಡ್ಡ ಹಡಗು ಮರಳದಿಣ್ಣೆಗೆ ತಾಗುತ್ತದೆ, ಹೊಳೆಗೆ ನುಗ್ಗುವ ಸಮಯವನ್ನು ನೀರು ತೀರ್ಮಾನಿಸುತ್ತದೆ ಎಂದು ಅವರೇ ಎಲ್ಲರಿಗೂ ವಿವರಿಸಿದರು. ಅಂದಿನಿಂದ ನನ್ನ ಮಾತಿನಲ್ಲಿ ನೀರಿನ ಏರಿಳಿತಕ್ಕೆ ಖಾಯಂ ಜಾಗವಿದೆ.

ಮುತ್ತಿಗೆಯ ಕತೆಯನ್ನು ಊಟಕ್ಕೆ ಮೊದಲೇ ಹೇಳಿಬಿಡಬೇಕು. ಊಟವಾದ ಮೇಲೆ ಟಿಪ್ಪುವೂ ಸೋಲುತ್ತಾನೆ, ಕೋಟೆಯೊಳಗಿದ್ದ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಕ್ಯಾಂಬೆಲ್ ಕೂಡ ಸೋಲುತ್ತಾನೆ, ಕುಚ್ಚಲಕ್ಕಿ ಅನ್ನವೊಂದೇ ಗೆಲ್ಲುವುದು. ಹೊಟ್ಟೆ ಹಸಿದಿರುವಾಗ ಹೇಳಿದರೆ ಕೋಟೆಯೊಳಗಿನವರ ಪಾಡು ತಿಳಿಯುತ್ತದೆ. 1783ರ ಆಗಸ್ಟ್‌ನಲ್ಲಿ ಕದನವಿರಾಮವಾದರೂ ಮುತ್ತಿಗೆ ತೆರವಾಗಲಿಲ್ಲ. ಕಾಳು ಕಡಿಮೆಯಾಯಿತು, ತಾಜಾ ಹಣ್ಣು ತರಕಾರಿ ಸಿಗದವರಿಗೆ ಬರುವ ಸ್ಕರ್ವಿ ರೋಗ ಹಬ್ಬಿತು. 1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆ ಒಪ್ಪಿಸಿ, ಉಳಿದವರೊಂದಿಗೆ ತಲಶ್ಶೇರಿಗೆ ಹೋಗುವ ಷರತ್ತು ಪಡೆದ. ಮಾರ್ಚ್ 11ರಂದು ಟಿಪ್ಪುವಿಗೂ ಕಂಪನಿಗೂ ಮಂಗಳೂರು ಒಪ್ಪಂದ.

ಅದೇ 1784ರ ಫೆಬ್ರುವರಿಯಲ್ಲಿ ಟಿಪ್ಪುವಿನ ಆದೇಶದಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು, ಮಿಲಾಗ್ರಿಸ್ ಚರ್ಚ್ ನೆಲಸಮವಾಯಿತು. ಇದನ್ನು ಬಿಟ್ಟು ಮುಂದೆ ಹೋಗುವ ಮಾರ್ಗದರ್ಶಿಗಳಿದ್ದಾರೆ, ಇದೊಂದನ್ನೇ ಹೇಳುವವರೂ ಇದ್ದಾರೆ. ನಾನು ಕಾವಲುಗೋಪುರ, ಒಪ್ಪಂದ, ಸೆರೆ ಮೂರನ್ನೂ ಒಂದೇ ಉಸಿರಿನಲ್ಲಿ, ವಿಶೇಷಣಗಳಿಲ್ಲದೆ ಹೇಳುತ್ತೇನೆ. ಹೇಳುವುದು ಬಸ್ಸಿನಿಂದ ಇಳಿದು, ಬಯಲಿನಲ್ಲಿ. ಎಸಿ ಬಸ್ಸಿನೊಳಗೆ ಹೊತ್ತಿದ ಟಿಪ್ಪು ಜಗಳ ಸಂಜೆಯವರೆಗೂ ಆರುವುದಿಲ್ಲ. ಹೊರಗಾದರೆ ಇಬ್ಬರು ವಾದಿಸುತ್ತಾರೆ, ಉಳಿದವರು ಬೊಂಡ ಕುಡಿಯಲು ಹೋಗುತ್ತಾರೆ.

ಊಟದ ನಂತರ ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ, 1837ರ ಬಂಡಾಯಗಾರರನ್ನು ಗಲ್ಲಿಗೇರಿಸಿದ ಬಿಕರ್ನಕಟ್ಟೆ ಆ ಕಡೆ ಎಂದು ಕೈ ತೋರಿಸಿ ಮುಗಿಸುತ್ತೇನೆ. ಅಲ್ಲಿ ಬಸ್ಸು ನಿಲ್ಲಿಸಲು ಜಾಗವಿಲ್ಲ.

ಉಳ್ಳಾಲಕ್ಕೆ ಬರುವವರು ಅಬ್ಬಕ್ಕನ ಪ್ರತಿಮೆಯ ಮುಂದೆ ಚಿತ್ರ ತೆಗೆಸಿಕೊಳ್ಳಲೆಂದೇ ಬರುತ್ತಾರೆ. ತೆಗೆಸಿಕೊಳ್ಳಲಿ. ಪೋರ್ಚುಗೀಸರೊಂದಿಗಿನ ಕಾದಾಟ 1560ರ ದಶಕದ್ದು, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು 1623ರಲ್ಲಿ. ಒಬ್ಬಳೇ ರಾಣಿ ಎಂದರೆ ಲೆಕ್ಕ ಕೂಡುವುದು ಕಷ್ಟ, ಒಬ್ಬರಿಗಿಂತ ಹೆಚ್ಚು ಅಬ್ಬಕ್ಕಂದಿರಿದ್ದರು ಎಂಬುದೇ ಸರಿಯೆನಿಸುತ್ತದೆ. ಆ ಪ್ರವಾಸಿ ಕಂಡ ರಾಣಿಯ ಕೈಯಲ್ಲಿ ಕತ್ತಿ ಇರಲಿಲ್ಲ. ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ಹೊರಟಿದ್ದಳು. ಅಬ್ಬಕ್ಕನನ್ನು ಶಾಲೆಯ ನಾಟಕದಲ್ಲಷ್ಟೇ ಕಂಡವರು ಈ ಮಾತಿಗೆ ತಲೆಯೆತ್ತುತ್ತಾರೆ.

ಈಗ ನಮ್ಮ ಕಚೇರಿಯ ಮಾಲೀಕರಿಗೆ ಬೆಳ್ತಂಗಡಿಯ ಗಡಾಯಿಕಲ್ಲನ್ನೂ ಇದೇ ದಿನಕ್ಕೆ ಸೇರಿಸುವ ಆಸೆ. ಆ ಬಂಡೆಗುಡ್ಡದ ಮೇಲಿರುವುದು 1794ರ ಜಮಾಲಾಬಾದ್ ಕೋಟೆ, 1799ರಲ್ಲಿ ಬ್ರಿಟಿಷರ ವಶವಾದದ್ದು. ಕರಪತ್ರಕ್ಕೆ ಒಳ್ಳೆಯ ಚಿತ್ರವೇನೋ ಸಿಗುತ್ತದೆ. ಆದರೆ ಅಷ್ಟು ದೂರ ಹೋಗಿ, ಸಾವಿರಕ್ಕೂ ಹೆಚ್ಚು ಕಡಿದಾದ ಮೆಟ್ಟಿಲುಗಳ ಮುಂದೆ ಮಂಡಿನೋವಿನವರನ್ನು ಬಸ್ಸಿನಲ್ಲೇ ಕೂರಿಸಿ ಬರುವ ಕೆಲಸಕ್ಕೆ ನಾನು ಒಪ್ಪಿಲ್ಲ. ಬೇರೆ ದಿನ, ಬೇರೆ ಟಿಕೆಟ್, ಏರಬಲ್ಲವರಿಗೆ ಮಾತ್ರ ಎಂದು ಬರೆದುಕೊಟ್ಟಿದ್ದೇನೆ.