ನೀರಿಗಿಳಿದು ಬಂದ ಗಾಡಿ: ಆಕ್ಸಲ್ ಬಿಚ್ಚುವವರು ಕಲಿತದ್ದು

ಹೊಳೆ ದಾಟಿದ ಗಾಡಿ ಅದೇ ದಿನ ಕೆಡುವುದು ಕಡಿಮೆ. ಎರಡು ಮೂರು ವಾರ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಹಿಂದಿನ ಹೌಸಿಂಗ್‌ನಿಂದ (ಆಕ್ಸಲ್ ಮತ್ತು ಅದರ ಗೇರುಗಳನ್ನು ಮುಚ್ಚಿರುವ ಲೋಹದ ಕವಚ) ಸಣ್ಣಗೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ, ಇಲ್ಲವೇ ಮುಂದಿನ ಒಂದು ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಕೈ ಇಡಲಾಗದಷ್ಟು ಕಾಯುತ್ತದೆ. ಅಷ್ಟು ಹೊತ್ತಿಗೆ ಓಡಿಸಿದವರಿಗೆ ಹೊಳೆ ಮರೆತೇ ಹೋಗಿರುತ್ತದೆ. ಅದಕ್ಕೇ ಫೋರ್‌ವೀಲ್ ಗಾಡಿ ಬೇರಿಂಗ್ ಸದ್ದು ಎಂದು ಶೆಡ್ಡಿಗೆ ಬಂದರೆ ನಾವು ಮೊದಲು ಕೇಳುವುದು, "ಈಚೆಗೆ ನೀರಿಗೆ ಇಳಿಸಿದ್ರಾ ಸಾರ್?" ಹೌದು ಎಂದರೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಇಲ್ಲಿ ಹೇಳುವುದೆಲ್ಲ ಇಡೀ ಆಕ್ಸಲ್ ಒಂದೇ ಹೌಸಿಂಗ್‌ನಲ್ಲಿರುವ ಗಾಡಿಗಳಿಗೆ: ಲ್ಯಾಂಡ್ ಕ್ರೂಸರ್ 70, ಜಿಮ್ನಿ, ಹಳೆಯ ಲ್ಯಾಂಡ್ ರೋವರ್ ತರದವು. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ ಪಿಕಪ್‌ಗಳಿಗೂ ಬ್ರೀದರ್ (ಹೌಸಿಂಗ್ ಒಳಗಿನ ಗಾಳಿ ಆಡುವ ಕಿಂಡಿ) ಮತ್ತು ಆಯಿಲ್ ವಿಷಯ ಹೀಗೇ.

ಮೊದಲು, ನೀರು ಒಳಗೆ ಹೋಗುವುದು ಹೇಗೆ ಎಂಬುದು. ಆಯಿಲ್ ಸೀಲ್ ಇದೆಯಲ್ಲ, ನೀರು ಹೇಗೆ ಬರುತ್ತದೆ ಎಂದು ತುಂಬ ಜನ ಕೇಳುತ್ತಾರೆ. ಸೀಲಿನ ಮುಖ್ಯ ತುಟಿ ಒಳಮುಖವಾಗಿರುತ್ತದೆ. ಅದರ ಕೆಲಸ ಆಯಿಲ್ ಹೊರಗೆ ಬರದ ಹಾಗೆ ತಡೆಯುವುದು. ಹೊರಗಿನ ಧೂಳಿಗೆ ಇನ್ನೊಂದು ಸಣ್ಣ ತುಟಿ ಇರಬಹುದು, ಆದರೆ ಒಳಗಿನಿಂದ ಎಳೆತ ಬಿದ್ದರೆ ಅದು ನೀರನ್ನು ತಡೆಯುವುದಿಲ್ಲ. ಆ ಎಳೆತ ಹುಟ್ಟುವುದು ಬಿಸಿಯಿಂದ. ಗಂಟೆಗಟ್ಟಲೆ ಓಡಿದ ಆಕ್ಸಲ್ ಹೌಸಿಂಗ್ ಚೆನ್ನಾಗಿ ಕಾದಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಬ್ರೀದರ್ ಮೂಲಕ ಹೊರಗೆ ಹೋಗಿರುತ್ತದೆ. ಅದೇ ಬಿಸಿಯಲ್ಲಿ ತಣ್ಣೀರಿಗೆ ಇಳಿಸಿದರೆ ಒಳಗೆ ಉಳಿದ ಗಾಳಿ ಥಟ್ಟನೆ ಕುಗ್ಗುತ್ತದೆ. 80 ಡಿಗ್ರಿ ಸೆಲ್ಸಿಯಸ್‌ನಿಂದ 25ಕ್ಕೆ ಇಳಿದರೆ ಸುಮಾರು ಶೇ 15ರಷ್ಟು ಕುಗ್ಗುವ ಲೆಕ್ಕ. ಆ ಜಾಗ ತುಂಬಲು ಬ್ರೀದರ್‌ನಿಂದ ಗಾಳಿ ಬರಬೇಕು. ಬ್ರೀದರ್ ಕೆಸರು ಕಟ್ಟಿ ಮುಚ್ಚಿದ್ದರೆ, ಅಥವಾ ಅದೂ ನೀರಿನಲ್ಲೇ ಮುಳುಗಿದ್ದರೆ, ಹೌಸಿಂಗ್ ನೀರನ್ನೇ ಹೀರಿಕೊಳ್ಳುತ್ತದೆ: ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಸಣ್ಣ ಗೇರ್) ಸೀಲಿನಿಂದ, ಆಕ್ಸಲ್ ಸೀಲಿನಿಂದ, ಎಲ್ಲಿ ಸಡಿಲವೋ ಅಲ್ಲಿಂದ.

ಕಂಪನಿಯಿಂದ ಬರುವ ಸಾಮಾನ್ಯ ಬ್ರೀದರ್ ಎಂದರೆ ಹೌಸಿಂಗ್ ಮೇಲೆ ಕೂರಿಸಿದ ಒಂದು ಸಣ್ಣ ಟೋಪಿ. ಒಳಗಿನ ಒತ್ತಡ ಹೊರಗೆ ಬಿಡುತ್ತದೆ, ಹೊರಗಿನದನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ಹಾಗಾಗಿ ಅದು ಚೊಕ್ಕಟವಿದ್ದರೂ ಎಳೆತ ಪೂರ್ತಿ ತಪ್ಪುವುದಿಲ್ಲ. ಬೆರಳಿನಿಂದ ಅಲ್ಲಾಡಿಸಿದರೆ ಟೋಪಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಕುಣಿಯಬೇಕು. ಅಲುಗದಿದ್ದರೆ ಒಳಗೆ ಮಣ್ಣು ಗಟ್ಟಿಯಾಗಿದೆ ಎಂದೇ ಅರ್ಥ. ಬ್ರೀದರ್ ಮುಚ್ಚಿಕೊಂಡರೆ ಇನ್ನೊಂದು ತೊಂದರೆಯೂ ಇದೆ: ಬಿಸಿಯಾದಾಗ ಒಳಗಿನ ಒತ್ತಡ ಸೀಲಿನ ಮೂಲಕ ಆಯಿಲನ್ನೇ ಹೊರಗೆ ತಳ್ಳುತ್ತದೆ. ಎಷ್ಟೋ ಕಡೆ ಸೀಲ್ ಹೋಗಿದೆ ಎಂದು ಹೊಸದು ಹಾಕುತ್ತಾರೆ, ತಿಂಗಳಲ್ಲಿ ಅದೂ ಸೋರುತ್ತದೆ. ತಪ್ಪು ಸೀಲಿನದಲ್ಲ. ಪಿನಿಯನ್ ಸೀಲ್ ಬದಲಿಸುವ ಮುಂಚೆ ಬ್ರೀದರ್ ಬಿಚ್ಚಿ ಊದಿ ನೋಡುವುದನ್ನು ಯಾವತ್ತೂ ಬಿಡಬೇಡಿ.

ನೀರಿಗೆ ಇಳಿಯುವ ಗಾಡಿಗೆ ಬ್ರೀದರ್ ಪೈಪ್ ಎತ್ತರಿಸುವುದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ, ಸ್ನಾರ್ಕೆಲ್‌ಗಿಂತ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ) ಮೊದಲು ಆಗಬೇಕಾದ ಕೆಲಸ ಇದು. 6 ಅಥವಾ 8 ಎಂಎಂ ಒಳ ಅಳತೆಯ, ಆಯಿಲ್ ತಡೆದುಕೊಳ್ಳುವ ನೈಟ್ರೈಲ್ ರಬ್ಬರ್ ಪೈಪ್ ತೆಗೆದುಕೊಳ್ಳಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ನಾಲ್ಕನ್ನೂ ಬಾನೆಟ್ ಒಳಗೆ, ಫೈರ್‌ವಾಲ್‌ನ ಮೇಲ್ತುದಿಯವರೆಗೆ ತಂದು, ತುದಿಗೆ ಒಂದು ಸಣ್ಣ ಫಿಲ್ಟರ್ ಹಾಕಿ. ಪೈಪು ಎಲ್ಲೂ ತಗ್ಗಿ ಹೊಟ್ಟೆ ಬಿಡಬಾರದು, ಉದ್ದಕ್ಕೂ ಏರುತ್ತಲೇ ಹೋಗಬೇಕು. ತಗ್ಗಿದಲ್ಲಿ ಆಯಿಲ್ ನಿಂತು ಗಾಳಿಯ ದಾರಿ ಕಟ್ಟುತ್ತದೆ. ಸೈಲೆನ್ಸರ್ ಪೈಪಿನಿಂದ ದೂರವಿಡಿ.

ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಗಾಡಿ ನೆಲದ ಮೇಲೆ ನಿಂತಿರುವಾಗ ಅಳತೆ ಹಿಡಿದು ಪೈಪ್ ಕತ್ತರಿಸುತ್ತಾರೆ. ಹಳ್ಳಕ್ಕೆ ಇಳಿದು ಒಂದು ಚಕ್ರ ಪೂರ್ತಿ ಕೆಳಗೆ ಇಳಿದಾಗ ಪೈಪು ಬಿಗಿದು ಹೌಸಿಂಗ್ ಕಡೆಯ ತುದಿ ಕಳಚಿಕೊಳ್ಳುತ್ತದೆ. ಮೇಲೆ ಫಿಲ್ಟರ್ ಚೆಂದವಾಗಿ ಕೂತಿರುತ್ತದೆ, ಕೆಳಗೆ ಬಾಯಿ ತೆರೆದ ತೂತು ನೀರು ಕುಡಿಯುತ್ತಿರುತ್ತದೆ. ಹಾಗಾಗಿ ಚಾಸಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಪೂರ್ತಿ ಜೋತುಬಿದ್ದ ಮೇಲೆ ಅಳತೆ ಹಿಡಿಯಿರಿ, ಅದರ ಮೇಲೂ ಒಂದು ಗೇಣು ಸಡಿಲ ಬಿಡಿ.

ಈಗ ಆಯಿಲ್. ನೀರು ಸೇರಿದ ಅನುಮಾನವಿದ್ದರೆ ಗಾಡಿಯನ್ನು ಒಂದು ರಾತ್ರಿ ಸಮತಟ್ಟಾದ ಜಾಗದಲ್ಲಿ ಅಲುಗಿಸದೆ ನಿಲ್ಲಿಸಿ. ಬೆಳಿಗ್ಗೆ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ. ಡ್ರೇನ್ ಪ್ಲಗ್ ಆಮೇಲೆ. ಈ ಕ್ರಮ ತಪ್ಪಬಾರದು, ಯಾಕೆಂದರೆ ಆಯಿಲ್ ಇಳಿಸಿದ ಮೇಲೆ ಫಿಲ್ಲರ್ ಪ್ಲಗ್ ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ. ಡ್ರೇನ್ ಪ್ಲಗ್ ಪೂರ್ತಿ ತೆಗೆಯಬೇಡಿ. ಕೆಳಗೊಂದು ಗಾಜಿನ ಲೋಟ ಹಿಡಿದು, ಎಳೆಗಳ ಮೇಲೆ ಪ್ಲಗ್ ಇನ್ನೂ ಹಿಡಿದಿರುವಾಗಲೇ ನಿಧಾನ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ರಾತ್ರಿಯಿಡೀ ತಳಕ್ಕೆ ಇಳಿದಿರುತ್ತದೆ. ಮೊದಲ ಹನಿಗಳು ತಿಳಿಯಾಗಿ, ಬೆರಳಿಗೆ ಜಿಡ್ಡೇ ಇಲ್ಲದ ಹಾಗೆ ಬಿದ್ದರೆ ಅದು ನೀರು. ಅದರ ಹಿಂದೆ ಬರುವ ಆಯಿಲ್ ಜೇನಿನ ಬಣ್ಣದಲ್ಲಿದ್ದರೆ ಸರಿ. ಬೂದು ಬಿಳುಪಾಗಿ, ಹಾಲು ಕಲಸಿದಂತೆ ಬಂದರೆ ನೀರು ಆಗಲೇ ಕಡೆದು ಬೆರೆತಿದೆ, ಅದು ಎಷ್ಟು ದಿನ ನಿಲ್ಲಿಸಿದರೂ ಪೂರ್ತಿ ಬೇರ್ಪಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಕಡಿಮೆ ನೀರಿದ್ದರೆ ಒಂದು ಹನಿ ಆಯಿಲನ್ನು ಚೆನ್ನಾಗಿ ಕಾದ ಲೋಹದ ತಟ್ಟೆಯ ಮೇಲೆ ಬಿಟ್ಟು ನೋಡಿ. ಚಿಟಪಟ ಎಂದರೆ ನೀರಿದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಇದನ್ನು ಮಾಡಬೇಕು.

ಸ್ವಲ್ಪ ನೀರು ತಾನೇ, ಬಿಸಿಗೆ ಆರಿಹೋಗುತ್ತದೆ ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ನಡುವೆ ಇರುವುದು ತೆಳುವಾದ ಆಯಿಲ್ ಪದರ ಮಾತ್ರ. ನೀರು ಬೆರೆತರೆ ಆ ಪದರ ಒತ್ತಡದಲ್ಲಿ ಹರಿದುಹೋಗುತ್ತದೆ. ಬೇರಿಂಗ್‌ಗಳ ಮಟ್ಟಿಗೆ ಮಾತ್ರ ಗಾಡಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು ಹಾಳು ಮಾಡುತ್ತದೆ. ವಾರಗಟ್ಟಲೆ ನಿಂತಾಗ ರೋಲರ್ ಮತ್ತು ಕಪ್ (ಬೇರಿಂಗಿನ ಹೊರ ಬಳೆ) ತಾಗುವ ಗೆರೆಯಲ್ಲೇ ನೀರು ಕೂತು ತುಕ್ಕು ಹಿಡಿಯುತ್ತದೆ. ಬೇರಿಂಗ್ ಬಿಚ್ಚಿದಾಗ ಕಪ್‌ನಲ್ಲಿ ರೋಲರ್‌ಗಳಷ್ಟೇ ಅಂತರದಲ್ಲಿ ಅಡ್ಡಗೆರೆಗಳು ಸಾಲಾಗಿ ಕಾಣುತ್ತವೆ. ಅದನ್ನು ಒಮ್ಮೆ ನೋಡಿದವರಿಗೆ ನೀರು ಕುಡಿದ ಗಾಡಿ ನಿಲ್ಲಿಸಲು ಮನಸ್ಸು ಬರುವುದಿಲ್ಲ.

ತೊಳೆಯುವ ಕ್ರಮ ಹೀಗೆ. ಹಳೆಯ ಆಯಿಲ್ ಪೂರ್ತಿ ಇಳಿಸಿ. ಅದೇ ಗ್ರೇಡಿನ, ಬಹುತೇಕ ಗಾಡಿಗಳಿಗೆ 80ಡಬ್ಲ್ಯು-90 ಜಿಎಲ್-5 (ಮೊದಲನೆಯದು ಆಯಿಲಿನ ದಪ್ಪ, ಎರಡನೆಯದು ಅದರ ದರ್ಜೆ), ಹೊಸ ಆಯಿಲ್ ತುಂಬಿ 10ರಿಂದ 15 ಕಿ.ಮೀ. ಮೆಲ್ಲಗೆ ಓಡಿಸಿ, ಬಿಸಿಯಿರುವಾಗಲೇ ಇಳಿಸಿ. ಇನ್ನೂ ಬಿಳುಪು ಕಂಡರೆ ಮತ್ತೊಮ್ಮೆ. ಚೆನ್ನಾಗಿ ಬೆರೆತುಹೋಗಿದ್ದರೆ ಮೂರು ಸಲವೂ ಬೇಕಾಗಬಹುದು. ಡೀಸೆಲ್ ಹಾಕಿ ತೊಳೆಯುವ ರೂಢಿ ಹಲವು ಕಡೆ ಇದೆ, ನಾವು ಮಾಡುವುದಿಲ್ಲ. ಮೂಲೆಗಳಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ, ಅದರಲ್ಲೇ ಗಾಡಿ ಓಡಿಸಿದರೆ ಹಲ್ಲುಗಳಿಗೆ ಗೀರು ಬೀಳಬಹುದು. ಕೊನೆಯ ಸಲ ತುಂಬುವಾಗ ಫಿಲ್ಲರ್ ತೂತಿನ ಕೆಳ ಅಂಚಿನಿಂದ ಆಯಿಲ್ ಹೊರಗೆ ಹನಿಯುವವರೆಗೆ ತುಂಬಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಇಳಿದಿದ್ದರೆ ಇನ್ನಷ್ಟು ಹಾಕಿ. ಪ್ಲಗ್‌ಗಳಿಗೆ ಹೊಸ ವಾಷರ್ ಹಾಕಬೇಕು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದ ಹಾಗೆ ತಡೆಯುವಂಥದ್ದು) ಇದ್ದರೆ ಅದಕ್ಕೆ ಹೇಳಿದ ಆಯಿಲ್ಲೇ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಅದರೊಳಗಿನ ಕ್ಲಚ್ ಪ್ಲೇಟುಗಳು ಹಿಡಿದು ಬಿಟ್ಟು ನಡುಗುತ್ತವೆ. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಉಳಿದ ಜಿಎಲ್-5 ಸುರಿಯಬೇಡಿ, ಅದರ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು.

ಡ್ರೇನ್ ಪ್ಲಗ್ಗಿನ ಅಯಸ್ಕಾಂತ ಒರೆಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವ ಚಕ್ಕೆಗಳಿದ್ದರೆ ಬೇರಿಂಗ್ ಸಿಪ್ಪೆ ಏಳುತ್ತಿದೆ. ಹಲ್ಲಿನ ತುಂಡು ಸಿಕ್ಕರೆ ಹೊಸ ಆಯಿಲ್ ಹಾಕುವುದೇ ವ್ಯರ್ಥ, ಹೌಸಿಂಗ್ ಬಿಚ್ಚಲೇಬೇಕು.

ಪಿನಿಯನ್ ಸೀಲ್ ಬದಲಿಸುವವರಿಗೆ ಒಂದು ಎಚ್ಚರಿಕೆ. ಎಷ್ಟೋ ಆಕ್ಸಲ್‌ಗಳಲ್ಲಿ ಪಿನಿಯನ್ ನಟ್ಟಿನ ಹಿಂದೆ ಒತ್ತಿದರೆ ಕುಗ್ಗುವ ಸ್ಲೀವ್ ಇರುತ್ತದೆ, ಬೇರಿಂಗ್‌ಗಳ ಬಿಗಿ ಅದರ ಮೇಲೆ ನಿಂತಿದೆ. ನಟ್ಟು ಬಿಚ್ಚುವ ಮುಂಚೆ ನಟ್ಟು, ಪಿನಿಯನ್ ಮತ್ತು ಫ್ಲ್ಯಾಂಜ್ ಮೇಲೆ ಪಂಚ್‌ನಿಂದ ಗುರುತು ಹಾಕಿ, ಎಷ್ಟು ಎಳೆ ಹೊರಗೆ ಕಾಣುತ್ತದೆ ಎಂದು ಎಣಿಸಿ. ಇಂಪ್ಯಾಕ್ಟ್ ಗನ್ನಿನಿಂದ ಸಿಕ್ಕಷ್ಟು ಬಿಗಿದರೆ ಸ್ಲೀವ್ ಹೆಚ್ಚು ಕುಗ್ಗಿ ಬೇರಿಂಗ್ ಬಿಗಿಯಾಗುತ್ತದೆ, ಸುಟ್ಟುಹೋಗುತ್ತದೆ. ಹಾಗೆ ಹೆಚ್ಚು ಬಿಗಿದದ್ದನ್ನು ನಟ್ಟು ಸಡಿಲಿಸಿ ಸರಿಮಾಡಲಾಗುವುದಿಲ್ಲ, ಹೊಸ ಸ್ಲೀವ್ ಹಾಕಬೇಕು.

ಮುಂದಿನ ಹಬ್‌ಗೆ ಬರೋಣ. ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕರೆ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಸ್ಟಿಯರಿಂಗ್ ನಕಲ್‌ನ (ಚಕ್ರ ಎಡಬಲ ತಿರುಗುವ ಕೀಲಿನ) ಕಿಂಗ್‌ಪಿನ್ ಬೇರಿಂಗ್. ಹಬ್ ಬಿಚ್ಚಿದ ಮೇಲೆ ಗ್ರೀಸಿನ ಬಣ್ಣವೇ ಕಥೆ ಹೇಳುತ್ತದೆ. ಬಿಳುಚಿದ, ಕೆಂಪು ತುಕ್ಕು ಬೆರೆತ ಗ್ರೀಸ್ ಎಂದರೆ ನೀರು. ಕಪ್ಪಗೆ ತೆಳ್ಳಗೆ, ಗೇರ್ ಆಯಿಲಿನ ಘಾಟು ವಾಸನೆಯಿದ್ದರೆ ಅದು ನೀರಲ್ಲ: ಆಕ್ಸಲಿನ ಒಳ ಸೀಲ್ ಸೋತು ಹೌಸಿಂಗ್ ಆಯಿಲ್ ನಕಲ್ ಒಳಗೆ ಬಂದು ಗ್ರೀಸನ್ನು ಕರಗಿಸಿದೆ. ಈ ಎರಡನ್ನು ಗುರುತಿಸದೆ ಹೊಸ ಗ್ರೀಸ್ ತುಂಬಿ ಮುಚ್ಚಿದರೆ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಕಂಪ್ರೆಸರ್ ಗಾಳಿಯಿಂದ ಗಿರಗಿರ ತಿರುಗಿಸಬೇಡಿ, ಒಣ ಬೇರಿಂಗ್ ಆ ವೇಗದಲ್ಲಿ ಕೆಡುತ್ತದೆ, ರೋಲರ್ ಹಾರಿ ಗಾಯವೂ ಆಗಬಹುದು. ಕಪ್‌ನಲ್ಲಿ ತುಕ್ಕಿನ ಕುಳಿ, ನೀಲಿ ಛಾಯೆ, ಸಿಪ್ಪೆ ಎದ್ದ ಗುರುತು ಯಾವುದಿದ್ದರೂ ಕಪ್ ಮತ್ತು ಕೋನ್ (ರೋಲರ್‌ಗಳಿರುವ ಒಳ ಬಳೆ) ಜೋಡಿಯಾಗಿ ಬದಲಿಸಬೇಕು. ಸರಿಯಿದ್ದರೆ ಗ್ರೀಸ್ ತುಂಬುವುದು ಹೀಗೆ: ಎಡ ಅಂಗೈಯಲ್ಲಿ ದೊಡ್ಡ ನೆಲ್ಲಿಕಾಯಿ ಗಾತ್ರದ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲ ಬದಿಯನ್ನು ಅಂಗೈಯ ಬುಡಕ್ಕೆ ಒತ್ತಿ ಎಳೆಯಬೇಕು. ರೋಲರ್‌ಗಳ ಸಂದಿಯಿಂದ ಗ್ರೀಸ್ ಮೇಲಿನ ಬದಿಗೆ ಎಳೆಎಳೆಯಾಗಿ ಹೊರಬರುವವರೆಗೆ ಒತ್ತಿ, ಸ್ವಲ್ಪ ತಿರುಗಿಸಿ, ಮತ್ತೆ ಒತ್ತಿ. ಹೊರಗೆ ಬಳಿದ ಗ್ರೀಸ್ ರೋಲರ್ ತಲುಪುವುದಿಲ್ಲ. ಹಬ್ಬಿನ ಒಳಗಿನ ಖಾಲಿ ಜಾಗವನ್ನು ಪೂರ್ತಿ ತುಂಬಬೇಡಿ, ಮೂರನೇ ಒಂದು ಭಾಗ ಸಾಕು, ಹೆಚ್ಚಾದರೆ ಕಾಯುತ್ತದೆ. ವೀಲ್ ಬೇರಿಂಗಿಗೆ ಎನ್‌ಎಲ್‌ಜಿಐ 2 (ಗ್ರೀಸಿನ ಗಟ್ಟಿತನದ ದರ್ಜೆ) ಲಿಥಿಯಂ ಕಾಂಪ್ಲೆಕ್ಸ್, ನಕಲ್ ಒಳಗಿನ ಸಿವಿ ಜಾಯಿಂಟಿಗೆ (ಚಕ್ರ ತಿರುಗಿದಾಗಲೂ ಆಕ್ಸಲ್ ಸುತ್ತಲು ಬಿಡುವ ಕೀಲು) ಮಾಲಿಬ್ಡಿನಂ ಗ್ರೀಸ್. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸ್ ಬಳಿದರೆ ಎರಡೂ ತೆಳ್ಳಗಾಗಿ ಹರಿದುಹೋಗಬಹುದು, ಹಳೆಯದು ಪೂರ್ತಿ ಹೋಗಬೇಕು.

ಹಬ್ಬಿನ ನಟ್ಟು ಬಿಗಿಯಲು ಅದರ ಸಾಕೆಟ್ಟೇ ಬೇಕು, ಲ್ಯಾಂಡ್ ಕ್ರೂಸರ್ 70ಕ್ಕೆ 54 ಎಂಎಂ. ಉಳಿ ಸುತ್ತಿಗೆಯಿಂದ ಹೊಡೆದು ತಿರುಗಿಸಿದ ನಟ್ಟುಗಳ ಮೂಲೆ ನೋಡಿದರೆ ಸಂಕಟವಾಗುತ್ತದೆ. ಹಬ್ ಎರಡೂ ಕಡೆಗೆ ತಿರುಗಿಸುತ್ತಲೇ ಒಳ ನಟ್ಟು ಬಿಗಿದು ಬೇರಿಂಗ್ ಕೂರಿಸಿ, ಸಡಿಲಿಸಿ, ಆಮೇಲೆ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ತನ್ನಿ. ಲಾಕ್ ವಾಷರ್, ಹೊರ ನಟ್ಟು ಹಾಕಿದ ಮೇಲೆ ಸ್ಪ್ರಿಂಗ್ ತಕ್ಕಡಿಯಿಂದ ವೀಲ್ ಸ್ಟಡ್ ಹಿಡಿದು ಎಳೆದು ಬಿಗಿಯನ್ನು ಮತ್ತೆ ಅಳೆಯಿರಿ. ಹೊರ ನಟ್ಟು ಬಿಗಿದಾಗ ಒಳಗಿನ ಲೆಕ್ಕ ಬದಲಾಗುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ (ಶಾಫ್ಟಿನ ತುದಿಯ ಕೂಡು ಆಕಾರದ ಕೀಲು) ನಾಲ್ಕೂ ಕಪ್‌ಗಳಿಂದ ಹೊಸ ಗ್ರೀಸ್ ಹೊರಬರುವವರೆಗೆ ಪಂಪ್ ಮಾಡಿ, ಹಳೆಯ ಗ್ರೀಸಿನೊಂದಿಗೆ ನೀರೂ ಹೊರಗೆ ಬರುತ್ತದೆ. ಸ್ಲಿಪ್ ಜಾಯಿಂಟಿಗೆ ಮಾತ್ರ ಹಾಗೆ ತುಂಬಬೇಡಿ, ಒಳಗೆ ಗ್ರೀಸ್ ಗಟ್ಟಿ ತುಂಬಿದರೆ ಶಾಫ್ಟ್ ಕುಗ್ಗಲು ಜಾಗವಿಲ್ಲದೆ ಬೇರಿಂಗ್‌ಗಳನ್ನು ತಳ್ಳುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಡ್ರಮ್ ತೆಗೆದು ಒಳಗಿನ ಮರಳು ತೊಳೆಯಲೇಬೇಕು, ಮರಳು ಕಾಗದದ ಹಾಗೆ ಶೂ ಸವೆಸುತ್ತದೆ. ರೇಡಿಯೇಟರನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ, ಬರೀ ಪೈಪಿನ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಬಗ್ಗೆ ಎಚ್ಚರ: ಸೀಲ್, ಕ್ರಾಸ್, ಬ್ರೀದರ್ ಹತ್ತಿರ ಅದರ ಮೂತಿ ಹಿಡಿದರೆ ಹೊಳೆಯಲ್ಲಿ ಹೋಗದ ನೀರು ತೊಳೆಯುವಾಗ ಹೋಗುತ್ತದೆ.

ನೀರಿನ ನಡುವೆ ಎಂಜಿನ್ ಆಫ್ ಆದರೆ ಸ್ಟಾರ್ಟರ್ ಮುಟ್ಟಬೇಡಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಅದು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ಹೊರಗೆ ತಂದು, ಏರ್ ಫಿಲ್ಟರ್ ನೋಡಿ. ಒದ್ದೆಯಾಗಿದ್ದರೆ ಡೀಸೆಲ್ ಗಾಡಿಯಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್, ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿದ ಮೇಲೆಯೇ ಕ್ರ್ಯಾಂಕ್ ತಿರುಗಿಸಬೇಕು.

ಇಷ್ಟೆಲ್ಲ ಕೆಲಸ ಕಡಿಮೆ ಮಾಡುವ ದಾರಿ ದಡದಲ್ಲೇ ಇದೆ. ನೀರು ಕಂಡ ಕೂಡಲೇ ನುಗ್ಗಿಸದೆ ಕಾಲು ಗಂಟೆ ಗಾಡಿ ನಿಲ್ಲಿಸಿ, ಹೌಸಿಂಗ್ ಅಷ್ಟು ತಣಿದರೂ ಹೀರುವ ಎಳೆತ ಇಳಿಯುತ್ತದೆ. ಆ ಹೊತ್ತಿನಲ್ಲಿ ಹರಿವು ಜೋರಿಲ್ಲದ ಕಡೆ ಕೋಲು ಹಿಡಿದು ನಡೆದು ಆಳ, ತಳ ನೋಡಿಕೊಳ್ಳಿ. ಲೋ ರೇಂಜ್ ಎರಡನೇ ಗೇರ್, ನಡಿಗೆಯ ವೇಗ, ಮುಂದೆ ಒಂದು ಅಲೆ ಏಳಬೇಕು, ಆ ಅಲೆಯ ಹಿಂದೆಯೇ ಗಾಡಿ ಸಾಗಬೇಕು. ನಡುವೆ ಗೇರ್ ಬದಲಿಸಲು ಕ್ಲಚ್ ಒತ್ತಬೇಡಿ, ಪ್ಲೇಟಿನ ನಡುವೆ ನೀರು ಹೋಗುತ್ತದೆ. ಸರಿಯಾಗಿ ಸಾಗುವ ಗಾಡಿಯಲ್ಲಿ ಎಂಜಿನ್ ಸದ್ದು ಏರದೆ ಇಳಿಯದೆ ಒಂದೇ ಸಮ ಇರುತ್ತದೆ, ಬಂಪರಿನ ಮುಂದೆ ನೀರು ಮಡಿಕೆಯಾಗಿ ಸರಿಯುತ್ತದೆ. ಈ ಕೆಲಸ ಮಾಡುವ ಎಲ್ಲರಿಗೂ ಅದು ಕಣ್ಣು ತುಂಬುವ ನೋಟ.

ದಡ ಹತ್ತಿದ ಮೇಲೆ ನೂರು ಮೀಟರ್ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಒಣಗಿಸಿ. ಹತ್ತು ಕಿ.ಮೀ. ಆದ ಮೇಲೆ ನಿಲ್ಲಿಸಿ ನಾಲ್ಕೂ ಹಬ್‌ಗಳ ಬಿಸಿ ಒಂದೇ ಇದೆಯೇ ಎಂದು ಕೈಯಲ್ಲಿ ನೋಡಿ. ನೀರಿಗಿಳಿದ ತಾರೀಕು ಮತ್ತು ಕಿಲೋಮೀಟರನ್ನು ಟೇಪಿನ ಮೇಲೆ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ, ಡ್ರೇನ್ ಪ್ಲಗ್ ಸಡಿಲಿಸಿ ನೋಡಿದ ಮೇಲೆ ಮಾತ್ರ ಅದನ್ನು ಕೀಳಿ.