ಸೀಲು ಒಡೆಯಬೇಡಿ ಅಂದಿದ್ದರು

ಮೇಜಿನ ಮೇಲೆ ಕತ್ತರಿ ಇಟ್ಟು ಅರ್ಧ ಗಂಟೆ ಕಳೆದಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಕತ್ತರಿಯ ಪಕ್ಕದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಕಾರ್ಡಿನೊಳಗೆ ಭದ್ರವಾಗಿ ಕೂತ 50 ಗ್ರಾಂ ಚಿನ್ನದ ಗಟ್ಟಿ. ಭಾವನ ನಿವೃತ್ತಿ ಹಣದ ಒಂದು ದೊಡ್ಡ ಪಾಲು ಅದರಲ್ಲಿತ್ತು.

"ಒಡೆದರೆ ಮೌಲ್ಯ ಹೋಗುತ್ತೆ" ಅಂತ ಭಾವ ಮೂರನೇ ಸಲ ಹೇಳಿದರು. ಮಾರಿದಾತ ಹೇಳಿಕೊಟ್ಟ ಮಾತು ಅದು. ಸುಳ್ಳೂ ಅಲ್ಲ. ತಯಾರಕರ ಸೀಲು ಹಾಗೇ ಇರುವ ಗಟ್ಟಿಯನ್ನು ಕೊಳ್ಳುವವರು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಸೀಲು ಹೋದರೆ ಮತ್ತೆ ಪರೀಕ್ಷೆ ಮಾಡಿಸಬೇಕು, ಸ್ವಲ್ಪ ಕಳೆದುಕೊಳ್ಳಬೇಕು. ಆ ಮನುಷ್ಯ ನಮಗೆ ಹೇಳಿದ ಹತ್ತು ಮಾತುಗಳಲ್ಲಿ ಒಂಬತ್ತು ನಿಜವೇ ಆಗಿದ್ದವು. ಇವತ್ತಿಗೂ ನನ್ನನ್ನು ಕಾಡುವುದು ಅದೇ.

ಶುರುವಾದದ್ದು ಪರಿಚಯದವರೊಬ್ಬರ ಮೂಲಕ. ತುರ್ತಾಗಿ ಹಣ ಬೇಕಾದವರೊಬ್ಬರು ತಮ್ಮ ಹತ್ತಿರವಿದ್ದ ಚಿನ್ನವನ್ನು ಪೇಟೆ ದರಕ್ಕಿಂತ ನೂರಕ್ಕೆ ಆರರಷ್ಟು ಕಡಿಮೆಗೆ ಕೊಡುತ್ತಾರಂತೆ ಎಂದು ಅವರು ಭಾವನಿಗೆ ಹೇಳಿದ್ದರು. ಭಾವ ಅವಸರದ ಮನುಷ್ಯರಲ್ಲ. ಮೊದಲು ಬರೀ 5 ಗ್ರಾಮಿನ ಒಂದು ಗಟ್ಟಿ ಕೊಂಡರು, ಸೀಲು ಒಡೆಸಿ ಪರೀಕ್ಷೆ ಮಾಡಿಸಿದರು. ಅಪ್ಪಟ ಚಿನ್ನ. ಮಾರಿದಾತ ಬೇಸರಪಟ್ಟುಕೊಳ್ಳಲಿಲ್ಲ. "ಪರೀಕ್ಷೆ ಮಾಡಿಸಿದ್ದು ಒಳ್ಳೆಯದೇ ಆಯ್ತು ಸರ್, ಈಗ ನಿಮಗೂ ನಂಬಿಕೆ ಬಂತಲ್ಲ" ಅಂದನಂತೆ. ಆ ಚಿಕ್ಕ ಗಟ್ಟಿ ಇದ್ದದ್ದೇ ಅದಕ್ಕಾಗಿ. ಅದು ಅವನ ಬಂಡವಾಳ. ನಂಬಿಕೆ ಕೊಳ್ಳಲು ಅವನು ತೆತ್ತ ಬೆಲೆ.

ಒಂದು ತಿಂಗಳ ನಂತರ 50 ಗ್ರಾಂ ಬಂತು. ಈ ಸಲ ಆತ ತಾನೇ ಪರೀಕ್ಷೆಗಳನ್ನು ಮಾಡಿ ತೋರಿಸಿದ. ತಕ್ಕಡಿಯ ಮೇಲಿಟ್ಟು ತೂಕ ತೋರಿಸಿದ, ಖಾಲಿ ಕಾರ್ಡೊಂದನ್ನು ಬೇರೆಯಾಗಿ ತೂಗಿ ಕಳೆದೂ ತೋರಿಸಿದ. ಅಯಸ್ಕಾಂತ ಹಿಡಿದ, ಗಟ್ಟಿ ಅಲುಗಲಿಲ್ಲ. ಕಾರ್ಡಿನ ಮೇಲಿದ್ದ ಕ್ಯೂಆರ್ ಕೋಡನ್ನು ಭಾವನ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿಸಿದ. ಒಂದು ಪುಟ ತೆರೆಯಿತು. ಅದೇ ಕ್ರಮಸಂಖ್ಯೆ, 999.9 ಶುದ್ಧತೆ, ಹಸಿರು ಬಣ್ಣದ ಸರಿ ಗುರುತು. ಮೂರು ಪರೀಕ್ಷೆ, ಮೂರರಲ್ಲೂ ಪಾಸು.

ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ಆ ದಿನ ಅಲ್ಲಿದ್ದಿದ್ದರೆ ನಾನಾದರೂ ಕೇಳುತ್ತಿದ್ದೆನೇ? ಹೇಳಲಾರೆ. ಅಯಸ್ಕಾಂತ ಹಿಡಿಯುವುದು ಕಬ್ಬಿಣ, ನಿಕ್ಕಲ್, ಕೋಬಾಲ್ಟನ್ನು. ತಾಮ್ರ, ಸೀಸ, ಹಿತ್ತಾಳೆ, ಬೆಳ್ಳಿ ಎಲ್ಲವೂ ಆ ಪರೀಕ್ಷೆಯಲ್ಲಿ ಚಿನ್ನದಷ್ಟೇ ಸಲೀಸಾಗಿ ಪಾಸಾಗುತ್ತವೆ. ತೂಕವೂ ಅಷ್ಟೇ. ಯಾವ ಲೋಹವನ್ನಾದರೂ 50 ಗ್ರಾಂ ಆಗುವವರೆಗೆ ಎರೆಯಬಹುದು. ಕ್ಯೂಆರ್ ಕೋಡ್ ನಮ್ಮನ್ನು ಕರೆದೊಯ್ಯುವುದು ಅದನ್ನು ಮುದ್ರಿಸಿದವನು ಹೇಳಿದ ಕಡೆಗೆ. ಹೀಗೆ ಒಂದೊಂದಾಗಿ ಬಿಡಿಸಿ ನೋಡಿದರೆ ಎಲ್ಲ ಗೊತ್ತಿದ್ದ ವಿಷಯವೇ. ಆದರೆ ಮೂರನ್ನೂ ಒಟ್ಟಿಗೆ, ನಗುನಗುತ್ತಾ ಒಬ್ಬ ಮಾಡಿ ತೋರಿಸುವಾಗ, ನಾಲ್ಕನೆಯದೊಂದು ಬೇಕು ಅಂತ ಕೇಳುವುದು ಆ ಮನುಷ್ಯನನ್ನು ಅವಮಾನಿಸಿದಂತೆ ಅನ್ನಿಸುತ್ತದೆ. ಯಾವ ಪರೀಕ್ಷೆ ಆಗಬೇಕು ಅನ್ನುವುದನ್ನು ಆತ ಆರಿಸಿದ್ದ, ನಾವಲ್ಲ.

ಅನುಮಾನ ಮೊದಲು ಬಂದದ್ದು ನನ್ನ ಅಕ್ಕನಿಗೆ. ಅವಳು ಭೌತಶಾಸ್ತ್ರ ಓದಿದವಳಲ್ಲ. ಬೀರುವಿನಿಂದ ಕಾಗದಪತ್ರ ತೆಗೆಯುವಾಗ ಕಾರ್ಡು ಕೈಗೆ ಸಿಕ್ಕಿತಂತೆ. ನನಗೆ ಫೋನ್ ಮಾಡಿ, "ನೋಡೇ, ಅದು ಯಾಕೋ ದಪ್ಪ ಅನ್ನಿಸುತ್ತೆ. ಬಿಸ್ಕತ್ತಿನ ಹಾಗಿದೆ" ಅಂದಳು. ಎಲ್ಲರೂ ಚಿನ್ನದ ಬಿಸ್ಕತ್ತು ಅಂತಲೇ ಕರೆಯುತ್ತೇವೆ, ಅದಕ್ಕೆ ನಾನು ಮೊದಲು ಗಮನ ಕೊಡಲಿಲ್ಲ. ರಾತ್ರಿ ಮಲಗಿದ ಮೇಲೆ ಆ ಮಾತು ಎದ್ದು ಕೂತಿತು. ಚಿನ್ನ ದಪ್ಪ ಇರಬಾರದು. ಚಿನ್ನ ಕೈಗೆ ಭಾರ, ಕಣ್ಣಿಗೆ ಚಿಕ್ಕದು.

ಮರುದಿನ ಅವರ ಮನೆಗೆ ಹೋಗಿ ಸೀಲು ಮುಟ್ಟದೆಯೇ ಅಳೆದೆ. ಪ್ಲಾಸ್ಟಿಕ್ಕಿನ ಮೇಲಿಂದ ಸ್ಕೇಲಿನಲ್ಲಿ ಉದ್ದ 47 ಮಿ.ಮೀ., ಅಗಲ 27 ಮಿ.ಮೀ. ಒಂದು ಘನ ಸೆಂಟಿಮೀಟರ್ ಚಿನ್ನ 19.32 ಗ್ರಾಂ ತೂಗುತ್ತದೆ. ಅಂದರೆ 50 ಗ್ರಾಂ ಚಿನ್ನಕ್ಕೆ ಬೇಕಾದ ಜಾಗ 2.59 ಘನ ಸೆಂ.ಮೀ. ಮಾತ್ರ. ಅಷ್ಟು ಉದ್ದಗಲ ಇದ್ದರೆ ಅದರ ದಪ್ಪ ಸುಮಾರು 2 ಮಿ.ಮೀ. ಇರಬೇಕು. ಕಾರ್ಡನ್ನು ಅಡ್ಡ ಹಿಡಿದು, ಕಿಟಕಿಯ ಬೆಳಕಿಗೆ ಅಂಚು ನೋಡಿದೆ. ನಾಲ್ಕು ಮಿ.ಮೀ.ಗೆ ಕಡಿಮೆ ಇರಲಿಲ್ಲ. ಇನ್ನೊಂದು ಸಲ ಅಳೆದೆ. ಆಮೇಲೆ ಸ್ಕೇಲನ್ನೇ ಬದಲಾಯಿಸಿ ಅಳೆದೆ. ಸ್ಕೇಲು ಸುಳ್ಳಾಗಲಿ ಅಂತ ಅಷ್ಟು ಆಸೆಪಟ್ಟಿದ್ದು ನನ್ನ ಜೀವನದಲ್ಲಿ ಬೇರೆ ಇಲ್ಲ.

ಇದನ್ನು ಕೊಳ್ಳುವ ದಿನವೇ ಮಾಡಬಹುದಿತ್ತು. ಒಂದು ಸ್ಕೇಲು, ಒಂದು ಭಾಗಾಕಾರ, ಎರಡು ನಿಮಿಷ. ಹಲವು ತಯಾರಕರು ತಮ್ಮ ಗಟ್ಟಿಗಳ ಉದ್ದ, ಅಗಲ, ದಪ್ಪವನ್ನು ಪ್ರಕಟಿಸಿಯೂ ಇರುತ್ತಾರೆ. ಹುಡುಕಿ ನೋಡಬೇಕಾದದ್ದು ಅವರ ಜಾಲತಾಣದಲ್ಲಿ, ಅದೂ ನಾವೇ ವಿಳಾಸ ಟೈಪ್ ಮಾಡಿ. ಕಾರ್ಡಿನ ಮೇಲಿನ ವಿಳಾಸ ಹಿಡಿದು ಹೋಗಬಾರದು. ನಾನು ಹಾಗೆ ಹುಡುಕಿದಾಗ ತಿಳಿಯಿತು, ಭಾವನ ಮೊಬೈಲಿನಲ್ಲಿ ತೆರೆದ ಪುಟದ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು.

ಇಷ್ಟಾದ ಮೇಲೂ ಭಾವ ಒಪ್ಪಲಿಲ್ಲ. ಒಪ್ಪುವುದು ಸುಲಭವಲ್ಲ. ಹಾಗಾಗಿಯೇ ಆ ಕತ್ತರಿ, ಆ ಅರ್ಧ ಗಂಟೆ.

ಕೊನೆಗೆ ಅಕ್ಕ ಅಂದಳು: "ರೀ, ಒಳಗಿರೋದು ಚಿನ್ನ ಆಗಿದ್ದರೆ ಕವರು ಹೋದರೂ ಚಿನ್ನವೇ ಅಲ್ವಾ?" ಹೇಳಿ ತಾನೇ ಕತ್ತರಿಸಿದಳು.

ನಾನು 0.01 ಗ್ರಾಂವರೆಗೆ ತೂಗುವ ಚಿಕ್ಕ ತಕ್ಕಡಿ ತಂದಿದ್ದೆ. ಲೋಟದಲ್ಲಿ ಮುಕ್ಕಾಲು ನೀರು ತುಂಬಿಸಿ ಅದರ ಮೇಲಿಟ್ಟು ಸೊನ್ನೆ ಮಾಡಿದೆ. ಮೊದಲು ಪರೀಕ್ಷೆಯಾಗಿದ್ದ 5 ಗ್ರಾಮಿನ ಚಿಕ್ಕ ಗಟ್ಟಿ. ನನ್ನ ವಿಧಾನದ ಮೇಲೆ ಭಾವನಿಗೂ ವಿಶ್ವಾಸ ಬರಬೇಕಿತ್ತು, ನನಗೂ ಬರಬೇಕಿತ್ತು. ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಅಂಚಿಗೂ ತಾಗದಂತೆ ನೀರಿನೊಳಗೆ ತೂಗುಬಿಟ್ಟೆ. ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟೇ ತೂಕವನ್ನು ತಕ್ಕಡಿ ತೋರಿಸುತ್ತದೆ. 0.26. ಐದನ್ನು ಅದರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ. ಭಾವ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

ಆಮೇಲೆ ದೊಡ್ಡದು. ಬರಿಯ ಗಟ್ಟಿಯ ತೂಕ ಸರಿಯಾಗಿ 50 ಗ್ರಾಂ. ನೀರಿಗೆ ಇಳಿಸುವ ಮುನ್ನ 2.59 ಬರಬೇಕು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟೆ. ಮೈಗಂಟಿದ ಗುಳ್ಳೆಗಳು ಹೋಗುವಂತೆ ಮೆಲ್ಲಗೆ ಅಲುಗಿಸಿ, ಕೈ ನಿಲ್ಲಿಸಿದೆ. 5.57.

ಭಾಗಿಸಿದರೆ ಸುಮಾರು 8.98. ತಾಮ್ರದ ಸಾಂದ್ರತೆ 8.96.

ಯಾರೂ ಮಾತಾಡಲಿಲ್ಲ. ಭಾವ ಚೀಟಿಯನ್ನು ಕೈಗೆತ್ತಿಕೊಂಡು ನನ್ನ ಬರಹವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇನ್ನೊಂದು ಸಲ ಮಾಡು" ಅಂದರು. ಮಾಡಿದೆ. ಮತ್ತೆ 5.57.

ಸಿರಾಕ್ಯೂಸಿನ ರಾಜನ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯೇ ಅಂತ ಆರ್ಕಿಮಿಡಿಸ್ ಕಂಡುಹಿಡಿದ ಕಥೆಯನ್ನು ನಾನು ಎಷ್ಟು ವರ್ಷ, ಎಷ್ಟು ತರಗತಿಗಳಿಗೆ ಹೇಳಿದ್ದೇನೋ. ಮಕ್ಕಳೆಲ್ಲ ಅವನು ಸ್ನಾನದ ತೊಟ್ಟಿಯಿಂದ ಎದ್ದು ಓಡಿದ್ದನ್ನು ಕೇಳಿ ನಗುತ್ತಿದ್ದರು. ಆ ಅಕ್ಕಸಾಲಿಗನನ್ನು ನಂಬಿದ್ದ ರಾಜನಿಗೆ ಆ ಸಂಜೆ ಹೇಗಾಗಿರಬೇಕು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಮರುದಿನ ಮೂವರೂ ಚಿನ್ನ ಪರೀಕ್ಷಿಸುವ ಹಿರಿಯರೊಬ್ಬರ ಹತ್ತಿರ ಹೋದೆವು. ಅವರು ಮೊದಲು ಎಕ್ಸ್‌ಆರ್‌ಎಫ್ ಯಂತ್ರದ ಕೆಳಗಿಟ್ಟರು. ಎಕ್ಸ್-ಕಿರಣ ಬಿಟ್ಟು ಲೋಹ ಯಾವುದೆಂದು ಹೇಳುವ ಯಂತ್ರ ಅದು. ಪರದೆಯ ಮೇಲೆ ಚಿನ್ನ ಅಂತಲೇ ಬಂತು! ಭಾವನ ಮುಖ ಒಂದು ಕ್ಷಣ ಅರಳಿದ್ದನ್ನು ನಾನು ಮರೆಯಲಾರೆ. ಹಿರಿಯರು ತಲೆ ಅಲ್ಲಾಡಿಸಿದರು. "ಈ ಯಂತ್ರ ಚರ್ಮ ನೋಡುತ್ತೆ, ಎಲುಬು ನೋಡಲ್ಲ." ಚಿನ್ನದಂಥ ಭಾರದ ಲೋಹದಲ್ಲಿ ಆ ಕಿರಣ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಷ್ಟು ಆಳವನ್ನಷ್ಟೇ ಓದುತ್ತದಂತೆ. ಲೇಪ ಅದಕ್ಕಿಂತ ದಪ್ಪವಿದ್ದರೆ ಒಳಗೇನಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಒರೆಗಲ್ಲೂ ಹಾಗೆಯೇ, ಹಗುರವಾಗಿ ಉಜ್ಜಿದರೆ ಕಲ್ಲಿನ ಮೇಲೆ ಉಳಿಯುವ ಗೆರೆ ಮೇಲಿನ ಲೇಪದ್ದು. ಅವರು ಅರ ತೆಗೆದುಕೊಂಡು ಒಂದು ಮೂಲೆಯನ್ನು ಗಟ್ಟಿಯಾಗಿ ತೀಡಿದರು. ಹಳದಿಯ ಕೆಳಗಿನಿಂದ ಕೆಂಪು ಹೊರಬಂತು.

"ಒಂದು ಲೆಕ್ಕದಲ್ಲಿ ನಿಮ್ಮ ಪುಣ್ಯ. ಟಂಗ್‌ಸ್ಟನ್ ಆಗಿದ್ದರೆ ನಿಮ್ಮ ನೀರಿನ ಲೋಟವೂ ಮೋಸ ಹೋಗ್ತಿತ್ತು" ಅಂದರು.

ಅದು ನನಗೆ ಗೊತ್ತಿತ್ತು, ಆದರೆ ಲೆಕ್ಕ ಹಾಕಿರಲಿಲ್ಲ. ಅಲ್ಲೇ ಕೂತು ಹಾಕಿದೆ. ಟಂಗ್‌ಸ್ಟನ್ನಿನ ಸಾಂದ್ರತೆ 19.25, ಚಿನ್ನಕ್ಕೆ ತೀರಾ ಹತ್ತಿರ. ಇಡೀ 50 ಗ್ರಾಂ ಟಂಗ್‌ಸ್ಟನ್ನೇ ಆಗಿದ್ದರೂ ಸರಿಸುವ ನೀರಿನಲ್ಲಿ ಬರುವ ವ್ಯತ್ಯಾಸ 0.01 ಗ್ರಾಂಗೂ ಕಡಿಮೆ. ನನ್ನ ತಕ್ಕಡಿಗೆ ಕಾಣಿಸದಷ್ಟು. 2012ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬರಿಗೆ ಸಿಕ್ಕ 10 ಔನ್ಸಿನ ಗಟ್ಟಿಯೊಳಗೆ ಇದ್ದದ್ದು ಅದೇ. ಹೊರಗಿನ ಮುದ್ರೆ, ಸಂಖ್ಯೆ ಎಲ್ಲ ಇದ್ದ ಗಟ್ಟಿಯನ್ನು ಕೊರೆದು ನೋಡಿದಾಗ ಬೂದು ಬಣ್ಣ ಕಂಡಿತ್ತು. ಅಂಥದ್ದನ್ನು ಹಿಡಿಯಲು ಶಬ್ದ ಬೇಕು. ಚಿನ್ನದೊಳಗೆ ಶಬ್ದದ ಅಲೆ ಸೆಕೆಂಡಿಗೆ ಸುಮಾರು 3,240 ಮೀಟರ್ ಓಡುತ್ತದೆ, ಟಂಗ್‌ಸ್ಟನ್ನಿನಲ್ಲಿ 5,000 ಮೀಟರಿಗೂ ಹೆಚ್ಚು. ದಪ್ಪ ಅಳೆಯುವ ಅಲ್ಟ್ರಾಸೌಂಡ್ ಉಪಕರಣ ಇಟ್ಟರೆ ಗಟ್ಟಿ ತನ್ನ ನಿಜವಾದ ದಪ್ಪಕ್ಕಿಂತ ತೆಳುವಾಗಿ ಕಾಣಿಸಿ ಸಿಕ್ಕಿಬೀಳುತ್ತದೆ. ವಿದ್ಯುತ್ತು ಹರಿಯುವ ಸಲೀಸನ್ನು ಅಳೆಯುವ ಉಪಕರಣಗಳೂ ಇವೆ. ಟಂಗ್‌ಸ್ಟನ್ ಚಿನ್ನದ ಅರ್ಧಕ್ಕಿಂತ ಕಡಿಮೆ ವಿದ್ಯುತ್ ವಾಹಕ. ಇವು ಮನೆಯಲ್ಲಿರುವ ಸಾಮಾನುಗಳಲ್ಲ. ದೊಡ್ಡ ಗಟ್ಟಿ ಕೊಳ್ಳುವಾಗ ಇವು ಇರುವ ಕಡೆಗೇ, ಮಾರುವವನನ್ನೂ ಕರೆದುಕೊಂಡು, ಹಣ ಕೊಡುವ ಮುಂಚೆ ಹೋಗಬೇಕು. ಬರಲು ಒಲ್ಲೆ ಅಂದರೆ ಅಲ್ಲಿಗೆ ವ್ಯವಹಾರ ಮುಗಿಯಿತು.

ಭಾವ ಹಿರಿಯರನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾನು ಎಲ್ಲಿ ಎಡವಿದೆ?" ಅವರು ಯಂತ್ರಗಳ ವಿಷಯ ಎತ್ತಲೇ ಇಲ್ಲ. "ಚಿನ್ನದ ದರ ಇಡೀ ಲೋಕಕ್ಕೆ ಗೊತ್ತಿರೋದು. ನಿಜವಾದ ಚಿನ್ನ ಕೈಯಲ್ಲಿದ್ದವನು ಯಾವ ವ್ಯಾಪಾರಿ ಹತ್ತಿರ ಹೋದರೂ ಒಂದು ಗಂಟೆಯಲ್ಲಿ ಅದರ ಬೆಲೆ ಸಿಗುತ್ತೆ. ಅವನು ನಿಮ್ಮ ಮನೆಗೆ ಬಂದು ಕಡಿಮೆಗೆ ಯಾಕೆ ಕೊಡಬೇಕು?" ಅವನಿಗೆ ತುರ್ತಿತ್ತು ಅಂತ ಭಾವ ಸಣ್ಣ ದನಿಯಲ್ಲಿ ಹೇಳಿದರು. "ತುರ್ತಿದ್ದವನು ಒಂದು ತಿಂಗಳು ಕಾದನಲ್ಲ" ಅಂದರು ಅವರು. ಇಷ್ಟು ನೇರವಾದ ಮಾತು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟೆವು. ಹಣ ಕಳಿಸಿದ ದಾಖಲೆ, ಸಂದೇಶಗಳು, ಕತ್ತರಿಸಿದ ಕಾರ್ಡು ಯಾವುದನ್ನೂ ಎಸೆದಿರಲಿಲ್ಲ, ಅದು ಉಪಯೋಗಕ್ಕೆ ಬಂತು. ಮಾರಿದಾತನ ನಂಬರು ಆಗಲೇ ಸತ್ತಿತ್ತು. ಪರಿಚಯ ಮಾಡಿಸಿದವರೂ ಅವನಿಂದ 20 ಗ್ರಾಂ ಕೊಂಡಿದ್ದರು, ಅವರದ್ದೂ ತಾಮ್ರ. ಅವರು ನಮಗೆ ಮೋಸ ಮಾಡಿರಲಿಲ್ಲ. ತಾವು ನಂಬಿದ್ದನ್ನು ನಮಗೆ ದಾಟಿಸಿದ್ದರು, ಅಷ್ಟೇ.

ಎರಡು ವಾರ ಕಳೆದ ಮೇಲೆ ಭಾವನಿಗೆ ಇನ್ನೊಂದು ಕರೆ ಬಂತು. ಇಂಥ ಪ್ರಕರಣಗಳಲ್ಲಿ ಕಳೆದುಹೋದ ಹಣ ವಾಪಸು ಕೊಡಿಸುವವರಂತೆ, ಮೊದಲು ಸ್ವಲ್ಪ ಶುಲ್ಕ ಕಟ್ಟಬೇಕಂತೆ. ನಾವು ಕಳೆದುಕೊಂಡ ಮೊತ್ತ ಅವರಿಗೆ ಸರಿಯಾಗಿ ಗೊತ್ತಿತ್ತು. ಅದು ಹೇಗೆ ಗೊತ್ತು ಅಂತ ಅಕ್ಕ ಫೋನ್ ಕಸಿದುಕೊಂಡು ಕೇಳಿದ ಕೂಡಲೇ ಕರೆ ಕಡಿಯಿತು. ಒಮ್ಮೆ ಮೋಸ ಹೋದವರ ಹೆಸರು ಮೋಸಗಾರರ ನಡುವೆ ಮಾರಾಟವಾಗುತ್ತದೆ. ಗಾಯದ ಮೇಲೇ ಬಂದು ಕೂರುವ ಈ ಎರಡನೆಯವರ ಮೇಲೆ ನನಗೆ ಮೊದಲನೆಯವನಿಗಿಂತ ಹೆಚ್ಚು ಸಿಟ್ಟಿದೆ.

ಸಿಟ್ಟಿಗಿಂತ ಹೆಚ್ಚು ನೋವು ಕೊಟ್ಟದ್ದು ಭಾವನ ಮೌನ. ದಿನಗಟ್ಟಲೆ ಅವರು ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಮಕ್ಕಳಿಗೆ ಹೇಳಬೇಡ ಅಂತ ಅಕ್ಕನಿಂದ ಮಾತು ತೆಗೆದುಕೊಂಡಿದ್ದರು. ಮೋಸ ಮಾಡಿದವನು ಎಲ್ಲೋ ಆರಾಮಾಗಿ ನಿದ್ದೆ ಮಾಡುತ್ತಿದ್ದ, ಇಲ್ಲಿ ಒಂದು ಪೈಸೆಯನ್ನೂ ಯಾರಿಂದಲೂ ಕಿತ್ತುಕೊಳ್ಳದವರು ತಲೆ ತಗ್ಗಿಸಿ ಕೂತಿದ್ದರು. ಈ ನಾಚಿಕೆ ಇರುವುದರಿಂದಲೇ ಆತ ಮುಂದಿನ ಮನೆಯ ಬಾಗಿಲು ತಟ್ಟಲು ಸಾಧ್ಯವಾಗುತ್ತದೆ. 2020ರಲ್ಲಿ ಚೀನಾದ ವುಹಾನಿನಲ್ಲಿ ಸಾಲಕ್ಕೆ ಒತ್ತೆಯಿಟ್ಟಿದ್ದ 83 ಟನ್ ಚಿನ್ನದಲ್ಲಿ ಬಹಳಷ್ಟು ಲೇಪ ಹಾಕಿದ ತಾಮ್ರ ಅಂತ ವರದಿಯಾಗಿತ್ತು. ಸಾಲ ಕೊಟ್ಟವರು ಹಣದ ವ್ಯವಹಾರವನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳು. ನಾನು ಆ ಸುದ್ದಿಯನ್ನು ಭಾವನಿಗೆ ಓದಿ ಹೇಳಿದೆ. "ಅವರಿಗೂನಾ?" ಅಂದರು. ಆ ಸಂಜೆಯೇ ಮಗನಿಗೆ ತಾವೇ ಫೋನ್ ಮಾಡಿದರು.

ಇನ್ನೊಂದು ಮಾತು ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ವಿಷಯ ತಿಳಿದ ನೆಂಟರೊಬ್ಬರು ಭಾವನ ಹತ್ತಿರ ಬಂದು, ಸೀಲು ಕತ್ತರಿಸಬಾರದಿತ್ತು, ಹಾಗೇ ಇದ್ದಿದ್ದರೆ ಯಾರಿಗಾದರೂ ದಾಟಿಸಬಹುದಿತ್ತು, ಈಗಲೂ ಅಂಥ ಕಾರ್ಡು ಸಿಗುತ್ತದೆ ಅಂದರು. ಕೆಟ್ಟ ಮನುಷ್ಯರೇನಲ್ಲ ಅವರು. ನಮ್ಮ ನಷ್ಟ ನೋಡಲಾರದೆ ಅಂದದ್ದು. ಭಾವ ಉತ್ತರ ಕೊಡಲಿಲ್ಲ.

ತನಿಖೆಗೆ ಕೊಟ್ಟಿದ್ದ ಗಟ್ಟಿ ತಿಂಗಳುಗಳ ನಂತರ ವಾಪಸು ಬಂತು. ಅವತ್ತೇ ಭಾವ ಅದನ್ನು ಆ ಹಿರಿಯರ ಹತ್ತಿರ ಒಯ್ದು ನಡುವೆ ಗರಗಸ ಹಾಕಿಸಿದರು. ನಾನು ಜೊತೆಗಿದ್ದೆ. ಎರಡು ತುಂಡುಗಳು, ಸುತ್ತ ಕೂದಲೆಳೆಯಷ್ಟು ಹಳದಿ ಅಂಚು, ನಡುವೆಲ್ಲ ತಾಮ್ರದ ಕೆಂಪು. ಈಗ ಒಂದು ತುಂಡು ಅವರ ಮೇಜಿನ ಮೇಲಿದೆ, ಇನ್ನೊಂದು ನನ್ನ ಹತ್ತಿರ. ಮನೆಗೆ ಪಾಠಕ್ಕೆ ಬರುವ ಮಕ್ಕಳು ಅದನ್ನು ಕೈಯಲ್ಲಿ ಹಿಡಿದು, ಇದು ಯಾವ ಲೋಹ ಮಿಸ್ ಅಂತ ಕೇಳುತ್ತಾರೆ. ನಾನು ಲೋಟಕ್ಕೆ ನೀರು ತುಂಬಿಸಿ, ತಕ್ಕಡಿಯನ್ನು ಅವರ ಮುಂದೆ ಸರಿಸುತ್ತೇನೆ.